ವಯಸ್ಸಿನ ಬೆಳವಣಿಗೆಯೂ ಅರಿವಿನ ಬೆಳವಣಿಗೆಯೂ

ಮಾನವನ ಶರೀರವು ಬೆಳೆಯುವುದಕ್ಕೆ ಯಾರ ಅಪ್ಪಣೆಯನ್ನೂ ಕಾಯುವುದಿಲ್ಲ. ಅನ್ನ, ನೀರು, ಗಾಳಿ, ನಿದ್ರೆಗಳು ಕಾಲಕಾಲಕ್ಕೆ ದೊರೆತರೆ ಕೂಸು ತಾನಾಗಿಯೇ ಬಾಲಕನಾಗುತ್ತದೆ, ಬಾಲಕನು ತರುಣನಾಗುತ್ತಾನೆ, ತರುಣನು ವೃದ್ಧನಾಗುತ್ತಾನೆ. ಆದರೆ ಅರಿವು ಹಾಗೆ ತಾನಾಗಿ ಬೆಳೆಯತಕ್ಕ ವಸ್ತುವಲ್ಲ. ಅದನ್ನು ಬಿತ್ತಬೇಕು, ಕಳೆ ಕೀಳಬೇಕು, ಕಾಯಬೇಕು. ಹೊಲದಲ್ಲಿ ಹುಲ್ಲು ತಾನಾಗಿ ಬೆಳೆಯುತ್ತದೆ. ಜೋಳವು ಒಕ್ಕಲಿಗನ ಬೆವರಿಲ್ಲದೆ ಬೆಳೆಯುವುದಿಲ್ಲ. ಈ ಎರಡು ಬೆಳವಣಿಗೆಗಳ ಭೇದವನ್ನು ತಿಳಿಯದೆ ಹೋದುದರಿಂದಲೇ ಗೃಹಸ್ಥರ ಮನೆಗಳಲ್ಲಿ ಎರಡು ತಪ್ಪುಗಳು ನೆಲೆಯೂರಿವೆ. ಕೂದಲು ನೆರೆತ ಮಾತ್ರಕ್ಕೆ ಜ್ಞಾನವು ಬಂದಿತೆಂದು ಭಾವಿಸುವುದು ಮೊದಲನೆಯದು. ಧರ್ಮ, ಪೂಜೆ, ಆತ್ಮವಿಚಾರಗಳು ಮುಪ್ಪಿನ ಕೆಲಸವೆಂದು ಮುಂದೂಡುವುದು ಎರಡನೆಯದು.

ಪ್ರಾಚೀನ ಧರ್ಮಶಾಸ್ತ್ರಕಾರರು ಮಾನವನ ಆಯುಷ್ಯವನ್ನು ಬ್ರಹ್ಮಚರ್ಯ, ಗಾರ್ಹಸ್ಥ್ಯ, ವಾನಪ್ರಸ್ಥ, ಸಂನ್ಯಾಸವೆಂಬ ನಾಲ್ಕು ಆಶ್ರಮಗಳಾಗಿ ವಿಂಗಡಿಸಿದರು. ಮೊದಲು ಓದು, ಆಮೇಲೆ ಸಂಸಾರ, ಕೊನೆಗೆ ಕಾಡು ಮತ್ತು ಮೋಕ್ಷ ಎಂಬ ಕ್ರಮವು ಅದರಿಂದ ಏರ್ಪಟ್ಟಿತು. ಸ್ತ್ರೀಯರಿಗೂ ಶೂದ್ರರೆನಿಸಿದವರಿಗೂ ಆ ಏಣಿಯ ಎಲ್ಲ ಮೆಟ್ಟಿಲುಗಳು ತೆರೆದಿರಲಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರು ಈ ಏಣಿಯನ್ನು ಅಂಗೀಕರಿಸಲಿಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿಯೂ ಗಂಗಾಂಬಿಕೆ ನೀಲಾಂಬಿಕೆಯರ ಪತಿಗಳಾಗಿಯೂ ಇದ್ದುಕೊಂಡೇ ಭಕ್ತಿಭಂಡಾರಿಗಳಾದರು. ಮನೆ, ಮಕ್ಕಳು, ಕಾಯಕ ಇವುಗಳ ನಡುವೆಯೇ ಸಾಧನೆಯು ಸಾಗಬೇಕು, ಯಾವ ವಯಸ್ಸಿನವರಿಗೂ ಯಾವ ಕುಲದವರಿಗೂ ಯಾವ ಲಿಂಗದವರಿಗೂ ಅದರಲ್ಲಿ ಅಧಿಕಾರವುಂಟು ಎಂಬುದೇ ಅವರ ನಿಲುವು.

ಆಶ್ರಮಗಳಿಗೆ ಬದಲಾಗಿ ಶರಣರು ಎತ್ತಿ ಹಿಡಿದುದು ಷಟ್‌ಸ್ಥಲ ಮಾರ್ಗವನ್ನು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳು ವಯಸ್ಸಿನ ಅಳತೆಗೋಲುಗಳಲ್ಲ. ಅವು ಅಂತರಂಗದ ನೆಲೆಗಳು. ಇದಕ್ಕೆ ಶರಣಚರಿತ್ರೆಯಲ್ಲಿಯೇ ಉಜ್ವಲವಾದ ನಿದರ್ಶನವುಂಟು. ಸೊನ್ನಲಿಗೆಯ ಸಿದ್ಧರಾಮರು ಕೆರೆ, ಗುಡಿಗಳನ್ನು ಕಟ್ಟಿಸಿ ಲೋಕೋಪಕಾರದಲ್ಲಿ ಹೆಸರಾದ ಬಳಿಕ ಕಲ್ಯಾಣಕ್ಕೆ ಬಂದರು. ಅಲ್ಲಿ ಅವರಿಗೆ ಇಷ್ಟಲಿಂಗ ದೀಕ್ಷೆಯನ್ನು ಕೊಟ್ಟವರು ತರುಣರಾದ ಚೆನ್ನಬಸವಣ್ಣನವರೆಂದು ಶೂನ್ಯಸಂಪಾದನೆಯು ನಿರೂಪಿಸುತ್ತದೆ. ಅಕ್ಕನಾಗಮ್ಮನವರ ಮಗನಾದ ಚೆನ್ನಬಸವಣ್ಣನವರು ಶರಣರಲ್ಲಿ ಕಿರಿಯರು. ಆದರೂ ಷಟ್‌ಸ್ಥಲಜ್ಞಾನದಲ್ಲಿ ಹಿರಿಯರು. ಕಿರಿಯರ ಮುಂದೆ ಹಿರಿಯರು ಬಾಗಿದುದರಿಂದ ಹಿರಿಯರಿಗೆ ಯಾವ ಕುಂದೂ ಬರಲಿಲ್ಲ. ಅವರ ಬೆಳವಣಿಗೆಗೆ ಅದೇ ಸಾಕ್ಷಿಯಾಯಿತು.

ಹಾಗೆಂದು ವಯಸ್ಸನ್ನು ಕಡೆಗಣಿಸಲಾಗದು. ಬಡವನು ತನ್ನ ಶರೀರವನ್ನೇ ಶಿವನ ಗುಡಿಯಾಗಿ ಮಾಡಿಕೊಳ್ಳಬಲ್ಲನೆಂದು ತೋರಿದವರು ಬಸವಣ್ಣನವರು. ಗುಡಿಯೆಂದ ಮೇಲೆ ಅದರ ತಳಹದಿ, ಗೋಡೆ, ಶಿಖರಗಳು ಯಾವಾಗ ಹೇಗೆ ಏಳುತ್ತವೆ, ಎಲ್ಲಿ ಬಿರುಕು ಬಿಡುತ್ತವೆ ಎಂಬುದನ್ನು ತಿಳಿಯುವುದು ಪೂಜಾರಿಯ ಕರ್ತವ್ಯವೇ ಆಗಿದೆ. ಆದುದರಿಂದ ಜೀವನದ ಒಂದೊಂದು ಅವಸ್ಥೆಯಲ್ಲಿ ಶರೀರಕ್ಕೂ ಮನಸ್ಸಿಗೂ ಆಗುವುದೇನು, ಶರಣಧರ್ಮವು ಆ ಅವಸ್ಥೆಯಲ್ಲಿ ಮನೆಯವರಿಂದ ಅಪೇಕ್ಷಿಸುವುದೇನು ಎಂಬುದನ್ನು ಕ್ರಮವಾಗಿ ವಿಚಾರಿಸಬೇಕು.

ಗರ್ಭ ಮತ್ತು ಶೈಶವ

ಗರ್ಭವು ನಿಂತ ನಾಲ್ಕು ವಾರಗಳೊಳಗಾಗಿ ಮುಂದೆ ಮೆದುಳು ಮತ್ತು ಬೆನ್ನುಹುರಿಯಾಗತಕ್ಕ ನರನಾಳವು ಮುಚ್ಚಿಕೊಳ್ಳುತ್ತದೆ. ಎಂಟು ವಾರಗಳಾಗುವಷ್ಟರಲ್ಲಿ ಮುಖ್ಯವಾದ ಅಂಗಗಳೆಲ್ಲ ರೂಪುಗೊಳ್ಳತೊಡಗಿರುತ್ತವೆ. ತಾನು ಗರ್ಭಿಣಿಯೆಂದು ಎಷ್ಟೋ ತಾಯಂದಿರಿಗೆ ತಿಳಿಯುವ ಮೊದಲೇ ಈ ಮಹತ್ಕಾರ್ಯವು ನಡೆದುಹೋಗುತ್ತದೆ. ಆದುದರಿಂದಲೇ ಫೋಲಿಕ್ ಆಮ್ಲದ ಮಾತ್ರೆಯನ್ನು ಗರ್ಭಧಾರಣೆಗೆ ಮುಂಚಿನಿಂದಲೇ ಸೇವಿಸಬೇಕೆಂದು ವೈದ್ಯರು ಹೇಳುತ್ತಾರೆ. ಗರ್ಭದ ಕೊನೆಯ ಮೂರು ತಿಂಗಳುಗಳಲ್ಲಿ ಶಿಶುವು ಹೊರಗಿನ ಸದ್ದನ್ನು ಕೇಳುತ್ತದೆ. ತಾಯಿಯ ಧ್ವನಿಯು ಅದಕ್ಕೆ ಪರಿಚಿತವಾಗುತ್ತದೆ. ಬಸುರಿಯ ಕಿವಿಗೆ ಬೀಳುವ ಮಾತು ಹಿತವಾಗಿರಬೇಕೆಂದು ಹಿರಿಯರು ಹೇಳುತ್ತಿದ್ದುದು ಬರಿಯ ಉಪಚಾರವಾಗಿರಲಿಲ್ಲ.

ಗರ್ಭದಲ್ಲಿರುವ ಶಿಶುವಿಗೇ ತಾಯಿಯ ಮೂಲಕ ಲಿಂಗಧಾರಣೆ ಮಾಡುವ ಸಂಪ್ರದಾಯವು ವೀರಶೈವರಲ್ಲಿ ಬೆಳೆದು ಬಂದಿದೆ. ಈ ಸಂಸ್ಕಾರದ ಒಳ ಅರ್ಥವನ್ನು ಗೃಹಸ್ಥರು ಚೆನ್ನಾಗಿ ಮನನ ಮಾಡಬೇಕು. ಲಿಂಗವನ್ನು ಕಟ್ಟುವಾಗ ಒಳಗಿರುವುದು ಗಂಡೋ ಹೆಣ್ಣೋ ಯಾರಿಗೂ ತಿಳಿಯದು. ಕಪ್ಪೋ ಬಿಳುಪೋ, ಜಾಣನೋ ಮಂದಮತಿಯೋ ತಿಳಿಯದು. ಏನನ್ನೂ ಕೇಳದೆ ಆ ಜೀವವನ್ನು ಭಕ್ತಕುಲಕ್ಕೆ ಸೇರಿಸಿಕೊಂಡಾಯಿತು. ಹಾಗೆ ಸೇರಿಸಿಕೊಂಡ ಮನೆಯೇ ಹುಟ್ಟಿದ್ದು ಹೆಣ್ಣೆಂದು ತಿಳಿದು ಮುಖ ಸಿಂಡರಿಸಿದರೆ ಸಂಸ್ಕಾರವು ಸುಳ್ಳಾಗುತ್ತದೆ. ಗರ್ಭದಲ್ಲಿ ಲಿಂಗಪತ್ತೆ ಮಾಡುವುದನ್ನು 1994ರ ಕಾನೂನು ನಿಷೇಧಿಸಿದೆ. ಆದರೆ ಆ ಕಾನೂನಿಗೆ ಎಂಟು ಶತಮಾನಗಳ ಹಿಂದೆಯೇ ಶರಣರ ನಡೆಯು ಹೆಣ್ಣು ಗಂಡೆಂಬ ತಾರತಮ್ಯವನ್ನು ನಿರಾಕರಿಸಿತ್ತೆಂಬುದನ್ನು ಭಕ್ತರು ಮರೆಯಬಾರದು.

ಹುಟ್ಟಿದಾಗ ಸುಮಾರು 3 ಕಿಲೋಗ್ರಾಂ ತೂಗುವ ಕೂಸು ಐದಾರು ತಿಂಗಳಲ್ಲಿ ಅದರ ಇಮ್ಮಡಿಯಾಗುತ್ತದೆ, ವರ್ಷ ತುಂಬುವಾಗ ಮುಮ್ಮಡಿಯಾಗುತ್ತದೆ. 50 ಸೆಂಟಿಮೀಟರಿನಷ್ಟಿದ್ದ ಉದ್ದವು ವರ್ಷಕ್ಕೆ 75ರಷ್ಟಾಗಿ, ನಾಲ್ಕು ವರ್ಷಕ್ಕೆ ಇಮ್ಮಡಿಸಿ ಮೀಟರನ್ನು ಮುಟ್ಟುತ್ತದೆ. ಜೀವನದ ಬೇರೆ ಯಾವ ಕಾಲದಲ್ಲಿಯೂ ಶರೀರವು ಇಷ್ಟು ವೇಗವಾಗಿ ಬೆಳೆಯುವುದಿಲ್ಲ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು, ಆರು ತಿಂಗಳು ತುಂಬುವವರೆಗೆ ಕೇವಲ ಎದೆಹಾಲು, ಅನಂತರ ಹಾಲಿನೊಡನೆ ಮೆತ್ತನೆಯ ಆಹಾರ, ಕಾಲಕ್ಕೆ ಸರಿಯಾಗಿ ಲಸಿಕೆ, ಅಂಗನವಾಡಿಯಲ್ಲಿ ತೂಕ ನೋಡಿಸುವುದು, ಇವು ತಾಯಿತಂದೆಗಳ ಮೊದಲ ಲಿಂಗಾರ್ಚನೆ ಎಂದು ತಿಳಿಯಬೇಕು. ಹಸಿದ ಕೂಸನ್ನು ಅಳಲು ಬಿಟ್ಟು ಮಾಡಿದ ಪೂಜೆಯು ಎಲ್ಲಿಗೆ ಸಂದೀತು?

ಮನಸ್ಸಿನ ಬೆಳವಣಿಗೆಯನ್ನು ಕುರಿತು ಎರಿಕ್ ಎರಿಕ್‌ಸನ್ ಎಂಬ ಮನಶ್ಶಾಸ್ತ್ರಜ್ಞನು 1950ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮಾನವಜೀವನವನ್ನು ಎಂಟು ಅವಸ್ಥೆಗಳಾಗಿ ವಿಂಗಡಿಸಿದನು. ಮೊದಲನೆಯ ಅವಸ್ಥೆಯಲ್ಲಿ ಕೂಸು ಕಲಿಯಬೇಕಾದುದು ನಂಬಿಕೆಯನ್ನು ಎಂದು ಅವನ ಮತ. ಅತ್ತಾಗ ಎತ್ತಿಕೊಳ್ಳುವ ಕೈ, ಹಸಿದಾಗ ದೊರೆಯುವ ಹಾಲು, ನೋಡಿ ನಗುವ ಮುಖ ಇವುಗಳಿಂದ ಲೋಕವು ನಂಬಲರ್ಹವೆಂಬ ಭಾವವು ಮೂಡುತ್ತದೆ. ಷಟ್‌ಸ್ಥಲದ ಮೊದಲ ಮೆಟ್ಟಿಲಾದ ಭಕ್ತಸ್ಥಲಕ್ಕೆ ಹೇಳಿರುವುದು ಶ್ರದ್ಧಾಭಕ್ತಿ. ಈ ಎರಡು ವಿಚಾರಗಳೂ ಒಂದೇ ಎಂದು ಹೇಳುವಂತಿಲ್ಲ. ಒಂದು ಶಿಶುವಿನ ಮನಸ್ಸನ್ನು ಕುರಿತದ್ದು, ಮತ್ತೊಂದು ಸಾಧಕನ ನೆಲೆಯನ್ನು ಕುರಿತದ್ದು. ಆದರೂ ತೊಟ್ಟಿಲಲ್ಲಿ ನಂಬಿಕೆಯನ್ನು ಕಾಣದ ಜೀವಕ್ಕೆ ಮುಂದೆ ಗುರುವನ್ನಾಗಲಿ ದೇವರನ್ನಾಗಲಿ ನಂಬುವುದು ಕಷ್ಟವಾಗುವುದೆಂಬುದು ಅನುಭವಕ್ಕೆ ಒಪ್ಪುವ ಮಾತೇ ಆಗಿದೆ.

ಬಾಲ್ಯ

ವರ್ಷದ ಆಸುಪಾಸಿನಲ್ಲಿ ಕೂಸು ನಿಲ್ಲುತ್ತದೆ, ನಡೆಯುತ್ತದೆ, ಮೊದಲ ಮಾತನ್ನಾಡುತ್ತದೆ. ಎರಡು ವರ್ಷಕ್ಕೆ ಎರಡೆರಡು ಪದಗಳನ್ನು ಕೂಡಿಸುತ್ತದೆ. ಆರು ವರ್ಷದ ಹೊತ್ತಿಗೆ ಮೆದುಳಿನ ಗಾತ್ರವು ದೊಡ್ಡವರ ಮೆದುಳಿನ ಹತ್ತರಲ್ಲಿ ಒಂಬತ್ತು ಪಾಲಿನಷ್ಟಾಗಿರುತ್ತದೆ. ಶಾಲೆಗೆ ಸೇರಿಸುವುದಕ್ಕೆ ಮುಂಚೆಯೇ ಮನೆಯೆಂಬ ಶಾಲೆಯು ತನ್ನ ದೊಡ್ಡ ಪಾಠವನ್ನು ಕಲಿಸಿ ಮುಗಿಸಿರುತ್ತದೆಂದು ಇದರಿಂದ ತಿಳಿಯುತ್ತದೆ.

ಮಕ್ಕಳ ಆಲೋಚನೆಯು ಹೇಗೆ ಬೆಳೆಯುತ್ತದೆಂಬುದನ್ನು ಜೀವಮಾನವೆಲ್ಲ ಅಭ್ಯಾಸ ಮಾಡಿದ ಸ್ವಿಟ್ಸರ್ಲೆಂಡಿನ ಜೀನ್ ಪಿಯಾಜೆ ಎಂಬ ವಿದ್ವಾಂಸನು (1896-1980) ಹನ್ನೊಂದು ಹನ್ನೆರಡು ವರ್ಷದವರೆಗೆ ಮಗುವು ಕಣ್ಣಿಗೆ ಕಾಣುವ, ಕೈಗೆ ಸಿಕ್ಕುವ ವಸ್ತುಗಳ ಮೂಲಕವೇ ವಿಚಾರ ಮಾಡುತ್ತದೆಂದೂ, ಅಮೂರ್ತವಾದ ತತ್ತ್ವಗಳನ್ನು ಗ್ರಹಿಸುವ ಶಕ್ತಿಯು ಆಮೇಲೆ ಬರುತ್ತದೆಂದೂ ತೋರಿಸಿದನು. ಇಷ್ಟಲಿಂಗದ ಮಹತ್ತ್ವವನ್ನು ಈ ದೃಷ್ಟಿಯಿಂದಲೂ ನೋಡಬಹುದು. ನಿರಾಕಾರವಾದ ಪರಶಿವತತ್ತ್ವವನ್ನು ಎಂಟು ವರ್ಷದ ಮಗುವಿಗೆ ಮಾತಿನಿಂದ ತಿಳಿಸಲಾಗದು. ಆದರೆ ಅಂಗೈಯಲ್ಲಿ ಲಿಂಗವನ್ನಿರಿಸಿಕೊಂಡು ನೆಟ್ಟ ನೋಟದಿಂದ ನೋಡುವುದನ್ನು, ಮಜ್ಜನ ಮಾಡುವುದನ್ನು, ಹೂವೇರಿಸುವುದನ್ನು ಆ ಮಗು ಕಲಿಯಬಲ್ಲದು. ಅದೇ ಲಿಂಗವು ಮುಂದೆ ಬುದ್ಧಿ ಬಲಿತಾಗ ಪ್ರಾಣಲಿಂಗವಾಗಿ, ಭಾವಲಿಂಗವಾಗಿ ತನ್ನ ಅರ್ಥವನ್ನು ಬಿಚ್ಚುತ್ತ ಹೋಗುತ್ತದೆ. ಮಗುವಿಗೂ ಮಹಾಜ್ಞಾನಿಗೂ ಒಂದೇ ಕುರುಹು ಸಾಕಾಗಿರುವುದು ಶರಣರ ದೂರದೃಷ್ಟಿ.

ಮಗುವು ಉಪದೇಶದಿಂದ ಕಲಿಯುವುದು ಕಡಿಮೆ, ಅನುಕರಣದಿಂದ ಕಲಿಯುವುದು ಬಹಳ. ಬಾಗಿಲಿಗೆ ಬಂದ ಸಾಲಗಾರನಿಗೆ "ಅಪ್ಪ ಮನೆಯಲ್ಲಿಲ್ಲ ಎಂದು ಹೇಳು" ಎಂದು ಮಗನನ್ನು ಕಳುಹಿಸುವ ತಂದೆಯು ಆ ದಿನ ಒಂದು ಪಾಠವನ್ನು ಕಲಿಸಿದನು. ಸಂಜೆ ಅವನು ಓದಿಸುವ ಸತ್ಯದ ವಚನವು ಆ ಪಾಠವನ್ನು ಅಳಿಸಲಾರದು. ಪೂಜೆಗೆ ಕುಳಿತ ತಾಯಿಯು ಕೆಲಸದವಳನ್ನು ಬೈಯುತ್ತಿದ್ದರೆ ಪಕ್ಕದಲ್ಲಿ ಕುಳಿತ ಮಗಳು ಕಲಿಯುವುದು ಬೈಗುಳವನ್ನೇ.

ಮಕ್ಕಳ ಪ್ರಶ್ನೆಗಳನ್ನು ಗದರಿಸಿ ಅಡಗಿಸುವುದು ಮತ್ತೊಂದು ತಪ್ಪು. ಬಸವಣ್ಣನವರು ಬಾಲ್ಯದಲ್ಲಿಯೇ ಉಪನಯನವನ್ನು ಒಲ್ಲದೆ, ತನಗೆ ಸಲ್ಲುವುದು ಅಕ್ಕನಿಗೇಕೆ ಸಲ್ಲದೆಂದು ಕೇಳಿ, ಮನೆಯನ್ನು ಬಿಟ್ಟು ಕೂಡಲಸಂಗಮಕ್ಕೆ ಹೋದರೆಂದು ಸಂಪ್ರದಾಯವು ಹೇಳುತ್ತದೆ. ಬಾಲಕನ ಒಂದು ಪ್ರಶ್ನೆಯಿಂದ ಮಹಾಧರ್ಮವೊಂದಕ್ಕೆ ದಾರಿಯಾಯಿತೆಂದು ಹಾಡಿ ಹೊಗಳುವ ಮನೆಯವರು ತಮ್ಮ ಮನೆಯ ಬಾಲಕನು ಪ್ರಶ್ನೆ ಕೇಳಿದಾಗ "ಸುಮ್ಮನಿರು" ಎನ್ನುವುದು ಸೋಜಿಗವಲ್ಲವೆ?

ಈ ವಯಸ್ಸಿನಲ್ಲಿ ಕಾಯಕದ ಬೀಜವನ್ನೂ ಬಿತ್ತಬೇಕು. ತನ್ನ ತಟ್ಟೆಯನ್ನು ತಾನು ತೊಳೆಯುವುದು, ಹಾಸಿಗೆಯನ್ನು ಮಡಿಸುವುದು, ಗಿಡಕ್ಕೆ ನೀರೆರೆಯುವುದು ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮನಾಗಿ ಸಲ್ಲಬೇಕು. ಆದರೆ ಕಾಯಕದ ಹೆಸರಿನಲ್ಲಿ ಮಕ್ಕಳನ್ನು ಕೂಲಿಗೆ ಹಚ್ಚುವುದು ಧರ್ಮವೂ ಅಲ್ಲ, ನ್ಯಾಯವೂ ಅಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯು 6ರಿಂದ 14 ವರ್ಷದ ಮಕ್ಕಳಿಗೆ ಉಚಿತವೂ ಕಡ್ಡಾಯವೂ ಆದ ಶಿಕ್ಷಣವನ್ನು ವಿಧಿಸಿದೆ. ಆ ವಯಸ್ಸಿನ ಮಗುವಿಗೆ ಕಲಿಕೆಯೇ ಕಾಯಕ.

ಹದಿಹರೆಯ

ಹತ್ತರಿಂದ ಹತ್ತೊಂಬತ್ತರವರೆಗಿನ ವಯಸ್ಸನ್ನು ಹದಿಹರೆಯವೆಂದು ಎಣಿಸುತ್ತಾರೆ. ಹೆಣ್ಣುಮಕ್ಕಳಲ್ಲಿ ಈ ಬದಲಾವಣೆಯು ಗಂಡುಮಕ್ಕಳಿಗಿಂತ ಸುಮಾರು ಎರಡು ವರ್ಷ ಮುಂಚೆಯೇ ತೊಡಗುತ್ತದೆ. ಎತ್ತರವು ಒಂದೇ ವರ್ಷದಲ್ಲಿ ಎಂಟು ಹತ್ತು ಸೆಂಟಿಮೀಟರಿನಷ್ಟು ಏರುವುದುಂಟು. ಧ್ವನಿಯು ಒಡೆಯುತ್ತದೆ, ಮುಖದಲ್ಲಿ ಮೊಡವೆ ಏಳುತ್ತದೆ, ಕೋಪವು ಮೂಗಿನ ತುದಿಯಲ್ಲಿರುತ್ತದೆ. ಆಸೆಗಳು ಬೇಗ ಹೊತ್ತಿಕೊಳ್ಳುತ್ತವೆ. ಆದರೆ ಮುಂದಾಲೋಚನೆಗೂ ತಡೆದುಕೊಳ್ಳುವುದಕ್ಕೂ ಕಾರಣವಾದ ಮೆದುಳಿನ ಮುಂಭಾಗವು ಪೂರ್ಣವಾಗಿ ಬಲಿಯಬೇಕಾದರೆ ಇಪ್ಪತ್ತೈದರ ಸಮೀಪಕ್ಕೆ ಬರಬೇಕು. ಕುದುರೆಯು ಬಲಿತಿದೆ, ಕಡಿವಾಣವು ಇನ್ನೂ ಸಿದ್ಧವಾಗುತ್ತಿದೆ ಎಂಬುದೇ ಹದಿಹರೆಯದ ಸ್ಥಿತಿ. ಇದನ್ನು ತಿಳಿದ ತಂದೆತಾಯಿಗಳು ಮಗನ ಒರಟು ಮಾತನ್ನು ಶತ್ರುತ್ವವೆಂದು ಭಾವಿಸದೆ, ಹಾಗೆಂದು ಹಗ್ಗವನ್ನು ಪೂರ್ತಿಯಾಗಿ ಬಿಡದೆ, ಸಮಾಧಾನದಿಂದ ನಡೆಸುತ್ತಾರೆ.

ಹೆಣ್ಣುಮಕ್ಕಳ ವಿಷಯದಲ್ಲಿ ವೀರಶೈವ ಗೃಹಸ್ಥರು ತಮ್ಮ ಧರ್ಮವನ್ನೇ ಒರೆಗೆ ಹಚ್ಚಿ ನೋಡಿಕೊಳ್ಳಬೇಕಾದುದು ಈ ಕಾಲದಲ್ಲಿ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳು ಲಿಂಗವಂತರಿಗಿಲ್ಲವೆಂದು ಶರಣರು ಸಾರಿದರು. ಮೈಮೇಲೆ ಲಿಂಗವಿರುವಾಗ ಮೈಲಿಗೆಯು ಎಲ್ಲಿಂದ ಬಂದೀತು ಎಂಬುದು ಅವರ ವಾದದ ತಿರುಳು. ಮುಟ್ಟು ದೇಹದ ಸಹಜವಾದ ಕ್ರಿಯೆ. ಗರ್ಭಕೋಶದ ಒಳಪದರವು ತಿಂಗಳಿಗೊಮ್ಮೆ ಕಳಚಿ ಹೋಗುವುದೇ ಅದರ ಕಾರಣ. ಇಷ್ಟಾಗಿಯೂ ಎಷ್ಟೋ ಮನೆಗಳಲ್ಲಿ ಆ ದಿನಗಳಲ್ಲಿ ಮಗಳನ್ನು ಮೂಲೆಯಲ್ಲಿ ಕೂರಿಸುವುದು, ಬೇರೆ ತಟ್ಟೆ ಲೋಟ ಕೊಡುವುದು, ಲಿಂಗಪೂಜೆಯನ್ನು ಬಿಡಿಸುವುದು ಇನ್ನೂ ನಡೆದಿದೆ. ನೆರೆಹೊರೆಯ ರೂಢಿಯು ಒಳನುಗ್ಗಿ ಶರಣರ ಮಾತು ಹೊರಗೆ ನಿಂತಿದೆ. ಹನ್ನೆರಡು ಹದಿಮೂರು ವರ್ಷದ ಹುಡುಗಿಯು ತನ್ನ ಶರೀರವು ಅಪವಿತ್ರವೆಂಬ ಮೊದಲ ಪಾಠವನ್ನು ತನ್ನ ಮನೆಯಲ್ಲಿಯೇ ಕಲಿತರೆ ಅವಳ ಕೊರಳಿನ ಲಿಂಗಕ್ಕೆ ಆ ಮನೆಯವರು ಏನು ಉತ್ತರ ಕೊಡುತ್ತಾರೆ? ಆ ದಿನಗಳಲ್ಲಿ ಅವಳಿಗೆ ಬೇಕಾದುದು ಶುಚಿಯಾದ ಬಟ್ಟೆ, ಬಿಸಿನೀರು, ತುಸು ವಿಶ್ರಾಂತಿ, ತಾಯಿಯ ಸಮಾಧಾನದ ಮಾತು.

ಆಹಾರದಲ್ಲಿಯೂ ಇಂತಹುದೇ ಅನ್ಯಾಯವಾಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯಿದೆ. ಗಂಡಸರು ಉಂಡ ಮೇಲೆ ಉಳಿದುದನ್ನು ಹೆಂಗಸರು ಉಣ್ಣುವ ಪದ್ಧತಿಯೂ ಇದಕ್ಕೆ ನೆರವಾಗುತ್ತದೆ. ಸೊಪ್ಪು, ಕಾಳು, ರಾಗಿ, ಬೆಲ್ಲ, ನಿಂಬೆಯ ಹುಳಿ ಇವು ಬಡವರ ಮನೆಗೂ ನಿಲುಕುವ ವಸ್ತುಗಳು. ಕಬ್ಬಿಣಾಂಶದ ಮಾತ್ರೆಯು ಶಾಲೆಗಳಲ್ಲಿಯೂ ಅಂಗನವಾಡಿಗಳಲ್ಲಿಯೂ ದೊರೆಯುತ್ತದೆ. ಪ್ರಸಾದವೆಂದರೆ ಹಂಚಿ ಉಣ್ಣುವುದೆಂದು ತಿಳಿದವರ ಪಂಕ್ತಿಯಲ್ಲಿ ಮಗಳ ತಟ್ಟೆಯು ಬರಿದಾಗಿರಬಾರದು.

ಮದುವೆಯ ಆತುರವೂ ಈ ವಯಸ್ಸನ್ನೇ ಕಾಡುತ್ತದೆ. ಅದೇ ಸಮೀಕ್ಷೆಯಲ್ಲಿ 20ರಿಂದ 24 ವಯಸ್ಸಿನ ಸ್ತ್ರೀಯರಲ್ಲಿ 18 ತುಂಬುವ ಮೊದಲೇ ಮದುವೆಯಾದವರು ಭಾರತದಲ್ಲಿ ನೂರಕ್ಕೆ 23, ಕರ್ನಾಟಕದಲ್ಲಿ ನೂರಕ್ಕೆ 21 ಮಂದಿ ಎಂದು ಕಂಡುಬಂದಿತು. ಬೆಳೆಯುತ್ತಿರುವ ಶರೀರದಲ್ಲಿಯೇ ಮತ್ತೊಂದು ಶರೀರವು ಬೆಳೆಯತೊಡಗಿದರೆ ಎರಡಕ್ಕೂ ಅನ್ನ ಸಾಲದು. ಅಕ್ಕಮಹಾದೇವಿಯವರು ಹರೆಯದಲ್ಲಿಯೇ ಅರಮನೆಯ ವೈಭವವನ್ನು ತೊರೆದು ತನ್ನ ದಾರಿಯನ್ನು ತಾನೇ ಆರಿಸಿಕೊಂಡರು. ಕಲ್ಯಾಣದ ಅನುಭವಮಂಟಪದಲ್ಲಿ ಅಲ್ಲಮಪ್ರಭುದೇವರ ಕಠಿಣ ಪ್ರಶ್ನೆಗಳಿಗೆ ನಿರ್ಭಯವಾಗಿ ಉತ್ತರ ಕೊಟ್ಟರು. ಅವರ ಹೆಸರನ್ನು ಮಗಳಿಗಿಟ್ಟು ಅವಳ ಮದುವೆಯ ಮಾತಿನಲ್ಲಿ ಅವಳನ್ನೇ ಕೇಳದಿರುವುದು ಹೆಸರಿಗೆ ಮಾಡುವ ಅಪಚಾರ.

ಯೌವನ ಮತ್ತು ಗಾರ್ಹಸ್ಥ್ಯ

ಮೂಳೆಗಳು ಮೂವತ್ತರ ಹೊತ್ತಿಗೆ ತಮ್ಮ ಪೂರ್ಣವಾದ ಗಟ್ಟಿತನವನ್ನು ಪಡೆಯುತ್ತವೆ. ಅಲ್ಲಿಂದ ಮುಂದೆ ಶರೀರವು ತಾನು ಕೂಡಿಟ್ಟುದನ್ನು ಮೆಲ್ಲಮೆಲ್ಲನೆ ವೆಚ್ಚ ಮಾಡತೊಡಗುತ್ತದೆ. ನಲ್ವತ್ತು ದಾಟಿದ ಮೇಲೆ ಕಣ್ಣಿನ ಮಸೂರವು ಬಿರುಸಾಗಿ ಪುಸ್ತಕವನ್ನು ದೂರ ಹಿಡಿಯಬೇಕಾಗುತ್ತದೆ. ಸ್ತ್ರೀಯರಿಗೆ ನಲ್ವತ್ತೈದರಿಂದ ಐವತ್ತೈದರೊಳಗೆ ಮುಟ್ಟು ನಿಲ್ಲುತ್ತದೆ. ಆಗ ಮೈ ಬಿಸಿಯೇರುವುದು, ನಿದ್ದೆಗೆಡುವುದು, ಮನಸ್ಸು ಕುಗ್ಗುವುದು ಉಂಟು. ಮನೆಯ ಜನ ಅದನ್ನು ಸಿಡುಕುತನವೆಂದು ತಳ್ಳಿಹಾಕದೆ ಆರೈಕೆ ಮಾಡಬೇಕು. ಇಂದಿನ ಮಧ್ಯವಯಸ್ಕರನ್ನು ಸಕ್ಕರೆ ಕಾಯಿಲೆ, ರಕ್ತದೊತ್ತಡಗಳು ಸದ್ದಿಲ್ಲದೆ ಹಿಡಿಯುತ್ತವೆ. ಮಿತವಾದ ಊಟ, ದಿನವೂ ನಡಿಗೆ, ತಂಬಾಕು ಮದ್ಯಗಳ ತ್ಯಾಗ ಇವು ವೈದ್ಯರ ಮಾತೂ ಹೌದು, ಆಚಾರಲಿಂಗದ ಮಾತೂ ಹೌದು.

ಮಾನವಜೀವನದ ಅತಿ ದೀರ್ಘವಾದ ಭಾಗ ಇದು. ಹೊರೆಯೂ ಇಲ್ಲಿಯೇ ಅಧಿಕ. ಗೃಹಸ್ಥನು ಒಂದು ಕೈಯಲ್ಲಿ ಮಕ್ಕಳನ್ನೂ ಮತ್ತೊಂದು ಕೈಯಲ್ಲಿ ವೃದ್ಧರಾದ ತಂದೆತಾಯಿಗಳನ್ನೂ ಹಿಡಿದಿರುತ್ತಾನೆ. ಎರಿಕ್‌ಸನ್ನನು ಈ ವಯಸ್ಸಿನ ಪರೀಕ್ಷೆಯನ್ನು ಹೀಗೆ ವಿವರಿಸಿದ್ದಾನೆ: ಮುಂದಿನ ಪೀಳಿಗೆಗಾಗಿ ದುಡಿಯುವವನು ಬೆಳೆಯುತ್ತಾನೆ, ತನ್ನ ಸುತ್ತಲೇ ಸುತ್ತುವವನು ನಿಂತ ನೀರಾಗುತ್ತಾನೆ. ಶರಣರು ಈ ಪರೀಕ್ಷೆಗೆ ಕಾಯಕ, ದಾಸೋಹಗಳೆಂಬ ಎರಡು ಉತ್ತರಗಳನ್ನು ಕೊಟ್ಟರು. ಗಳಿಸುವುದರಲ್ಲಿ ಸತ್ಯ, ಹಂಚುವುದರಲ್ಲಿ ಉದಾರತೆ, ಇವೆರಡೂ ಕೂಡಿದಲ್ಲದೆ ಸಂಸಾರವು ಸಾಧನೆಯಾಗುವುದಿಲ್ಲ.

ಕಲ್ಯಾಣದ ಬೀದಿಯಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದ ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಆಗ ಪತ್ನಿ ಲಕ್ಕಮ್ಮನವರು ಅಂದಿನ ಅಗತ್ಯಕ್ಕೆ ಮೀರಿದುದು ಆಸೆಯ ಲಕ್ಷಣವೆಂದು ಎಚ್ಚರಿಸಿ ಅದನ್ನು ಹಿಂದಿರುಗಿಸಿ ಬರಲು ಹೇಳಿದರು. ಈ ಕಥೆಯನ್ನು ಕೇಳದ ಭಕ್ತರಿಲ್ಲ. ಆದರೆ ಇದರಲ್ಲಿ ಎರಡು ಪಾಠಗಳಿವೆ. ಗಳಿಕೆಗೆ ಮಿತಿಯಿರಬೇಕೆಂಬುದು ಒಂದು. ಗಂಡನ ಬೆಳವಣಿಗೆಯು ಕುಂದಿದಾಗ ಹೆಂಡತಿಯು ಗುರುವಾಗಬಲ್ಲಳು, ಗಂಡನು ಕೇಳಬಲ್ಲನು ಎಂಬುದು ಇನ್ನೊಂದು. ಮೊದಲನೆಯದನ್ನು ಹೊಗಳಿ ಎರಡನೆಯದನ್ನು ಮರೆತಿರುವ ಮನೆಗಳೇ ಹೆಚ್ಚು. ಸಾಲ ಮಾಡಿ ಅದ್ದೂರಿಯಾಗಿ ಮದುವೆ ನಡೆಸಲು ಹೊರಟ ಗಂಡನನ್ನು ತಡೆಯುವ ಹೆಂಡತಿಯ ಮಾತಿಗೆ ಬೆಲೆಯಿರುವ ಮನೆಯಲ್ಲಿ ಲಕ್ಕಮ್ಮನವರು ಇಂದಿಗೂ ಬದುಕಿದ್ದಾರೆ.

ಮಧ್ಯವಯಸ್ಸನ್ನು ಸಾರ್ಥಕಗೊಳಿಸಿಕೊಂಡುದಕ್ಕೆ ಈಚಿನ ನಿದರ್ಶನ ಫ. ಗು. ಹಳಕಟ್ಟಿಯವರು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ ವಿಜಯಪುರದಲ್ಲಿ ವಕೀಲಿ ನಡೆಸುತ್ತಿದ್ದ ಅವರು ನಲ್ವತ್ತು ದಾಟಿದ ಮೇಲೆ, 1923ರಲ್ಲಿ, ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನು ಮಾರಿ ಬಾಡಿಗೆಯ ಮನೆಯಲ್ಲಿ ವಾಸಿಸಿದರು. ಇತರರು ಮನೆ ಕಟ್ಟುವ ವಯಸ್ಸಿನಲ್ಲಿ ಅವರು ಮನೆ ಮಾರಿದರು. 1964ರಲ್ಲಿ ಅವರು ಲಿಂಗೈಕ್ಯರಾಗುವ ವೇಳೆಗೆ ಓಲೆಗರಿಗಳಲ್ಲಿ ಅಡಗಿದ್ದ ವಚನಗಳು ಕನ್ನಡಿಗರ ಮನೆಮನೆಯನ್ನು ಸೇರಿದ್ದವು.

ವಾರ್ಧಕ್ಯ

ಸ್ವಾತಂತ್ರ್ಯ ಬಂದ ಕಾಲದಲ್ಲಿ ಭಾರತೀಯನ ಸರಾಸರಿ ಆಯುರ್ಮಾನವು ಸುಮಾರು 32 ವರ್ಷವಾಗಿತ್ತು. ಇಂದು ಅದು 70ರ ಆಸುಪಾಸಿನಲ್ಲಿದೆ. 2011ರ ಜನಗಣತಿಯಲ್ಲಿ ಅರವತ್ತು ದಾಟಿದವರು ಹತ್ತು ಕೋಟಿಗೂ ಮಿಕ್ಕಿದ್ದರು. ಹಿಂದೆ ಕೆಲವರಿಗೆ ಮಾತ್ರ ದೊರೆಯುತ್ತಿದ್ದ ಮುಪ್ಪು ಈಗ ಬಹುಜನರಿಗೆ ದೊರೆತಿದೆ. ದೊರೆತುದನ್ನು ಬಾಳುವುದು ಹೇಗೆ ಎಂಬುದೇ ಇಂದಿನ ಸಮಸ್ಯೆ.

ಕೂದಲು ನೆರೆಯುವುದಕ್ಕೂ ಹಲ್ಲು ಉದುರುವುದಕ್ಕೂ ಬೆನ್ನು ಬಾಗುವುದಕ್ಕೂ ಮುಂಚೆಯೇ ದೇವನನ್ನು ಪೂಜಿಸಬೇಕೆಂದು ಬಸವಣ್ಣನವರು ಎಚ್ಚರಿಸಿದ್ದಾರೆ. ಇದು ಮುದುಕರನ್ನು ಹಳಿಯುವ ಮಾತಲ್ಲ, ತರುಣರನ್ನು ಎಬ್ಬಿಸುವ ಮಾತು. ಮೂವತ್ತು ವರ್ಷ ಅಭ್ಯಾಸ ಮಾಡದ ಮನಸ್ಸು ಎಪ್ಪತ್ತರಲ್ಲಿ ಒಮ್ಮೆಲೆ ಲಿಂಗದಲ್ಲಿ ನಿಲ್ಲುವುದಿಲ್ಲ. ಯೌವನದಲ್ಲಿ ಸಿಡುಕನಾಗಿದ್ದವನು ಮುಪ್ಪಿನಲ್ಲಿ ಬಹುಮಟ್ಟಿಗೆ ಮುದಿ ಸಿಡುಕನೇ ಆಗುತ್ತಾನೆ.

ಆದರೂ ಮುಪ್ಪು ಬರಿಯ ಕುಗ್ಗುವಿಕೆಯೆಂದು ತಿಳಿಯಬೇಕಾಗಿಲ್ಲ. ನೆನಪಿನ ವೇಗವು ತಗ್ಗಿದರೂ ಪದಸಂಪತ್ತು ಮತ್ತು ಲೋಕಾನುಭವಗಳು ಬಹುಕಾಲ ಉಳಿಯುತ್ತವೆ. ಹೊಸದನ್ನು ಕಲಿಯುವ ಶಕ್ತಿಯು ಮೆದುಳಿಗೆ ಪೂರ್ತಿಯಾಗಿ ತಪ್ಪುವುದಿಲ್ಲ. ಕಿವಿ ಮಂದವಾದುದನ್ನು ಕಡೆಗಣಿಸುವುದು, ಜನಸಂಪರ್ಕವಿಲ್ಲದೆ ಒಂಟಿಯಾಗಿರುವುದು ಇವು ಮರೆಗುಳಿತನದ ರೋಗಕ್ಕೆ ದಾರಿ ಮಾಡಬಲ್ಲವೆಂದು ಈಚಿನ ವೈದ್ಯಶಾಸ್ತ್ರವು ಹೇಳುತ್ತದೆ. ಇದರ ತಾತ್ಪರ್ಯವನ್ನು ಗೃಹಸ್ಥರು ಮನಸ್ಸಿಗೆ ತಂದುಕೊಳ್ಳಬೇಕು. ಅಜ್ಜನಿಗೆ ಹೊತ್ತುಹೊತ್ತಿಗೆ ತಟ್ಟೆಯನ್ನು ಕಳುಹಿಸಿದರೆ ಸಾಲದು. ಯಾರಾದರೂ ಪಕ್ಕದಲ್ಲಿ ಕುಳಿತು ಮಾತನಾಡಬೇಕು. ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳುವ ಅಜ್ಜಿಗೆ ಹನ್ನೊಂದನೆಯ ಸಲವೂ ಸಮಾಧಾನದಿಂದ ಉತ್ತರಿಸುವುದು ಜಂಗಮಸೇವೆಯೇ ಸರಿ. ಆ ಅಜ್ಜಿಯು ಒಂದು ಕಾಲಕ್ಕೆ ಅದೇ ಮಗನ ನೂರು ಪ್ರಶ್ನೆಗಳಿಗೆ ಬೇಸರಿಸದೆ ಉತ್ತರಿಸಿದ್ದಳು. ತಂದೆತಾಯಿಗಳ ಪೋಷಣೆಗಾಗಿ 2007ರಲ್ಲಿ ಕಾಯಿದೆಯೊಂದನ್ನೇ ಮಾಡಬೇಕಾಗಿ ಬಂದುದು ಸಮಾಜವು ತಲೆತಗ್ಗಿಸತಕ್ಕ ಸಂಗತಿ. ಮಠಕ್ಕೆ ಅಕ್ಕಿಯ ಮೂಟೆಯನ್ನು ಕಳುಹಿಸಿ ಮನೆಯ ಮುದುಕಿಯ ಔಷಧಕ್ಕೆ ಲೆಕ್ಕ ಕೇಳುವವನ ದಾಸೋಹವು ಯಾವ ಲಿಂಗಕ್ಕೂ ಅರ್ಪಿತವಾಗುವುದಿಲ್ಲ.

ವೃದ್ಧರಿಗೂ ಅವರ ಕರ್ತವ್ಯವುಂಟು. ಬೀಗದ ಕೈಯನ್ನು ಸೊಸೆಗೆ ಒಪ್ಪಿಸಿ ಮನಸ್ಸನ್ನು ಮಾತ್ರ ಉಗ್ರಾಣದಲ್ಲಿಯೇ ಬಿಟ್ಟಿರುವುದು ಬಿಡುಗಡೆಯಲ್ಲ. "ನಮ್ಮ ಕಾಲದಲ್ಲಿ" ಎಂದು ದಿನವೂ ತೊಡಗುವ ಮಾತಿನಿಂದ ಕಿರಿಯರ ಕಿವಿಯು ಮುಚ್ಚಿಹೋಗುತ್ತದೆ. ಬಾಳಿದ ಬಾಳನ್ನು ಇದ್ದಂತೆಯೇ ಒಪ್ಪಿಕೊಂಡವನಿಗೆ ಶಾಂತಿಯೂ, ಒಪ್ಪಿಕೊಳ್ಳಲಾರದವನಿಗೆ ಹತಾಶೆಯೂ ದೊರೆಯುವುದೆಂದು ಎರಿಕ್‌ಸನ್ನನು ಈ ಕೊನೆಯ ಅವಸ್ಥೆಯನ್ನು ಕುರಿತು ಹೇಳಿದ್ದಾನೆ.

ತುಮಕೂರಿನ ಸಿದ್ಧಗಂಗಾ ಮಠದ ಶ್ರೀ ಶಿವಕುಮಾರ ಸ್ವಾಮಿಗಳು 1907ರ ಏಪ್ರಿಲ್ 1ರಂದು ಜನಿಸಿ 2019ರ ಜನವರಿ 21ರಂದು, 111ನೆಯ ವಯಸ್ಸಿನಲ್ಲಿ, ಲಿಂಗೈಕ್ಯರಾದರು. 1941ರಿಂದ ಮಠದ ಹೊಣೆಯನ್ನು ಹೊತ್ತು ಜಾತಿಭೇದವಿಲ್ಲದೆ ಸಾವಿರಾರು ಬಡ ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ಕೊಟ್ಟರು. ನೂರು ದಾಟಿದ ಮೇಲೆಯೂ ನಸುಕಿನ ಲಿಂಗಪೂಜೆಯನ್ನೂ ಮಕ್ಕಳ ಯೋಗಕ್ಷೇಮದ ವಿಚಾರಣೆಯನ್ನೂ ಬಿಡಲಿಲ್ಲ. ಶರೀರವು ಬಾಗಿತು, ಕಾಯಕವು ಬಾಗಲಿಲ್ಲ. ಅಷ್ಟು ದೀರ್ಘವಾದ ಆಯುಷ್ಯವು ಎಲ್ಲರಿಗೂ ಲಭಿಸದು; ಅಂತಹ ಕ್ರಮವನ್ನು ಮಾತ್ರ ಯಾರಾದರೂ ರೂಢಿಸಿಕೊಳ್ಳಬಹುದು.

ಆರು ನೆಲೆಗಳು, ಒಂದೇ ಬೆಳವಣಿಗೆ

ಶರೀರದ ಅವಸ್ಥೆಗಳನ್ನು ವಿಚಾರಿಸಿದ ಮೇಲೆ ಮತ್ತೆ ಷಟ್‌ಸ್ಥಲಗಳ ಕಡೆಗೆ ತಿರುಗಿದರೆ ಅವುಗಳ ಭೇದವೂ ಸಂಬಂಧವೂ ಸ್ಪಷ್ಟವಾಗುತ್ತವೆ. ಭಕ್ತಸ್ಥಲದ ಶ್ರದ್ಧೆ ನಂಬುವುದನ್ನು ಕಲಿಸುತ್ತದೆ. ಮಹೇಶಸ್ಥಲದ ನಿಷ್ಠೆ ನಂಬಿದುದನ್ನು ಕಷ್ಟದಲ್ಲಿಯೂ ಬಿಡದಿರುವುದನ್ನು ಕಲಿಸುತ್ತದೆ. ಪ್ರಸಾದಿಸ್ಥಲದ ಅವಧಾನವು ಉಣ್ಣುವ ತುತ್ತು, ಆಡುವ ಮಾತು, ನೋಡುವ ನೋಟ ಎಲ್ಲವನ್ನೂ ಎಚ್ಚರದಿಂದ ಅರ್ಪಿಸಿ ಸ್ವೀಕರಿಸುವುದನ್ನು ಕಲಿಸುತ್ತದೆ. ಪ್ರಾಣಲಿಂಗಿಸ್ಥಲದ ಅನುಭವವು ಹೊರಗಿನ ಕುರುಹನ್ನು ಒಳಗೆ ಕಾಣಿಸುತ್ತದೆ. ಶರಣಸ್ಥಲದ ಆನಂದವು ಸುಖದುಃಖಗಳೆರಡನ್ನೂ ಒಂದೇ ಮನಸ್ಸಿನಿಂದ ಒಪ್ಪಿಸಿಕೊಳ್ಳುತ್ತದೆ. ಐಕ್ಯಸ್ಥಲದ ಸಮರಸದಲ್ಲಿ ನಾನು ನೀನೆಂಬುದು ಕರಗುತ್ತದೆ.

ಶರೀರದ ಅವಸ್ಥೆಯು ಒಮ್ಮೆ ಕಳೆದರೆ ಮತ್ತೆ ಬಾರದು. ಐವತ್ತರಲ್ಲಿ ಬಾಲ್ಯವು ಹಿಂದಿರುಗುವುದಿಲ್ಲ. ಸ್ಥಲಗಳು ಹಾಗಲ್ಲ. ಐಕ್ಯನಲ್ಲಿಯೂ ಭಕ್ತನ ಶ್ರದ್ಧೆಯು ಇರಬೇಕು. ಒಂದೊಂದು ಸ್ಥಲದಲ್ಲಿಯೂ ಉಳಿದ ಐದು ಅಡಗಿವೆಯೆಂದು ಶಾಸ್ತ್ರವು ಹೇಳುತ್ತದೆ. ಆದುದರಿಂದ ತಪ್ಪಿಹೋದ ಶ್ರದ್ಧೆಯನ್ನು ಅರವತ್ತರಲ್ಲಿಯೂ ಕಲಿಯಬಹುದು, ಹದಿನಾರರಲ್ಲಿಯೂ ಅನುಭವವು ಮೂಡಬಹುದು. ಶರೀರವು ಇಳಿಯತೊಡಗಿದ ಮೇಲೆಯೂ ಏರತಕ್ಕುದೊಂದು ಮಾನವನಲ್ಲಿದೆ ಎಂಬುದೇ ಷಟ್‌ಸ್ಥಲವು ಗೃಹಸ್ಥನಿಗೆ ಕೊಡುವ ಧೈರ್ಯ.

ಮನನಕ್ಕೆ

ಗೃಹಸ್ಥರು ಸಂಜೆಯ ಲಿಂಗಪೂಜೆಯಾದ ಮೇಲೆ ಮನೆಯವರೆಲ್ಲ ಕೂಡಿ ಈ ವಿಷಯಗಳನ್ನು ವಿಚಾರಿಸುವುದು ಒಳಿತು. ಮನೆಯ ಚಿಕ್ಕ ಮಗುವಿನ ಪ್ರಶ್ನೆಗೆ ಇಂದು ಉತ್ತರ ದೊರೆಯಿತೆ? ಹರೆಯದ ಮಗಳ ತಟ್ಟೆಯಲ್ಲಿ ಮಗನ ತಟ್ಟೆಯಷ್ಟೇ ಬಡಿಸಿತ್ತೆ? ಮುಟ್ಟಿನ ದಿನಗಳಲ್ಲಿ ಅವಳು ಮನೆಯೊಳಗೆ ಮನೆಯವಳಾಗಿಯೇ ಇದ್ದಳೆ? ಗಂಡನು ಹೆಂಡತಿಯ ಎಚ್ಚರಿಕೆಯ ಮಾತಿಗೆ ಕಿವಿಗೊಟ್ಟನೆ? ಹಿರಿಯರೊಡನೆ ಔಷಧ ಊಟಗಳ ಮಾತಲ್ಲದೆ ಬೇರೆ ಮಾತನ್ನು ಯಾರಾದರೂ ಆಡಿದರೆ? ಹಿರಿಯರು ಕಿರಿಯರಿಂದ ಏನನ್ನಾದರೂ ಕಲಿತರೆ?

ಇವುಗಳಿಗೆ ಹೌದೆಂಬ ಉತ್ತರ ಬರುವ ಮನೆಯಲ್ಲಿ ತೊಟ್ಟಿಲಿನ ಕೂಸಿನಿಂದ ಕೋಲೂರಿದ ಅಜ್ಜನವರೆಗೆ ಎಲ್ಲರೂ ಬೆಳೆಯುತ್ತಲೇ ಇರುತ್ತಾರೆ. ಅಂತಹ ಮನೆಗೆ ಮರಣವು ಬಂದಾಗಲೂ ಭಯವನ್ನು ತರುವುದಿಲ್ಲ. ಮಾಗಿದ ಹಣ್ಣು ತೊಟ್ಟು ಕಳಚಿದಂತೆ ಜೀವವು ಲಿಂಗದಲ್ಲಿ ಸಾಮರಸ್ಯವನ್ನು ಪಡೆಯುತ್ತದೆ.